ಹಸಿವು ಕಡಿಮೆ ಮಾಡುವ ಔಷಧಿ: ಚೀಟಿ ಬರೆಸುವುದರಿಂದ ನಿಲ್ಲಿಸುವವರೆಗೆ

"ಹಸಿವೆ ಕಮ್ಮಿ ಮಾಡೋ ಮಾತ್ರೆ ಇದ್ಯಾ?" ಕಾರವಾರದ ನನ್ನ ಔಷಧಿ ಅಂಗಡಿಗೆ ಬಂದು ಹೀಗೆ ಕೇಳುವವರು ಮೊದಲೂ ಇದ್ದರು. ಈಗ ಪ್ರಶ್ನೆ ಸ್ವಲ್ಪ ಬದಲಾಗಿದೆ. "ಆ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತಲ್ಲ, ಅದು ಸಿಗುತ್ತಾ?" ಶಿರಸಿಯಿಂದ ಫೋನ್ ಮಾಡುವವರು, ಅಂಕೋಲಾದಿಂದ ಬಸ್ ಹತ್ತಿ ಬರುವವರು, ಎಲ್ಲರದ್ದೂ ಇದೇ ಪ್ರಶ್ನೆ. ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಕೌಂಟರ್‌ನಲ್ಲಿ ಇದನ್ನೆಲ್ಲ ವಿವರಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಔಷಧಿ ಬೇಕೋ ಬೇಡವೋ, ಎಷ್ಟು ಬೇಕು ಅನ್ನುವುದು ನಿಮ್ಮ ಡಾಕ್ಟರ ಕೆಲಸ. ಅವರ ಹತ್ತಿರ ಹೋಗುವ ಮುಂಚೆ ಮತ್ತು ಹೋಗಿ ಬಂದ ಮೇಲೆ ನೀವು ಮಾಡಬೇಕಾದ್ದು ಬಹಳ ಇದೆ. ಈ ಲೇಖನ ಅದರ ಬಗ್ಗೆ.

1. ಮೊದಲು, ಯಾವ ಔಷಧಿ ಎಂದು ತಿಳಿದುಕೊಳ್ಳಿ

ಈಗ ಎಲ್ಲರೂ ಕೇಳುತ್ತಿರುವುದು ಎರಡು ಹೆಸರು. ಒಂದು ಸೆಮಾಗ್ಲುಟೈಡ್. ತೂಕ ಇಳಿಸಲು ಇದು ವಿಗೋವಿ ಎಂಬ ಹೆಸರಿನಲ್ಲಿ 2025ರ ಜೂನ್‌ನಲ್ಲಿ ಭಾರತಕ್ಕೆ ಬಂತು. ಇನ್ನೊಂದು ಟಿರ್ಜೆಪಟೈಡ್. ಮೌಂಜಾರೋ ಹೆಸರಿನ ಇದು ಅದೇ ವರ್ಷ ಮಾರ್ಚ್‌ನಲ್ಲಿ ಬಂತು. ಎರಡನ್ನೂ ವಾರಕ್ಕೊಮ್ಮೆ ಚರ್ಮದ ಅಡಿಗೆ ಚುಚ್ಚಿಕೊಳ್ಳಬೇಕು.

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಹಾರ್ಮೋನು ಅಂದರೆ ರಕ್ತದಲ್ಲಿ ಓಡಾಡುವ ಸಂದೇಶ ಅಂದುಕೊಳ್ಳಿ. "ಸಾಕು, ಹೊಟ್ಟೆ ತುಂಬಿತು" ಎಂದು ಅದು ಮೆದುಳಿಗೆ ಹೇಳುತ್ತದೆ. ಹೊಟ್ಟೆಯಿಂದ ಊಟ ಕೆಳಗೆ ಇಳಿಯುವುದನ್ನೂ ನಿಧಾನ ಮಾಡುತ್ತದೆ. ನಮ್ಮ ಸ್ವಂತ ಹಾರ್ಮೋನು ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನೇ ಹೋಲುವ ಈ ಔಷಧಿ ವಾರವಿಡೀ ಉಳಿಯುತ್ತದೆ. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಆರ್ಲಿಸ್ಟಾಟ್ ಮಾತ್ರೆ ಬೇರೆ ಜಾತಿ. ಅದು ಹಸಿವು ಕಡಿಮೆ ಮಾಡುವುದಿಲ್ಲ. ತಿಂದ ಎಣ್ಣೆ, ಕೊಬ್ಬಿನ ಒಂದು ಪಾಲು ಮೈಗೆ ಹತ್ತದಂತೆ ತಡೆಯುತ್ತದೆ. ತಡೆದ ಎಣ್ಣೆ ಎಲ್ಲಿಗೆ ಹೋಗುತ್ತದೆ ಹೇಳಿ? ಆರ್ಲಿಸ್ಟಾಟ್ ನುಂಗಿ, ಎಣ್ಣೆಯಲ್ಲಿ ಕರಿದ ಬಂಗುಡೆ ತಿಂದು, ಬಿಳಿ ಪಂಚೆ ಉಟ್ಟು ಮದುವೆಗೆ ಹೋಗಬೇಡಿ. ಇಷ್ಟೇ ಹೇಳುತ್ತೇನೆ.

ಇನ್ನು, ಬೇಡವೇ ಬೇಡ ಅನ್ನುವಂಥವು. ಸೈಬುಟ್ರಮಿನ್ ಎಂಬ ಮಾತ್ರೆ ಒಂದು ಕಾಲದಲ್ಲಿ ಚೆನ್ನಾಗಿ ಮಾರಾಟವಾಗುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಮಾಡುತ್ತದೆ ಎಂದು 2010ರಲ್ಲಿ ಯುರೋಪ್, ಅಮೆರಿಕ ಕೈಬಿಟ್ಟವು. 2011ರಲ್ಲಿ ಭಾರತ ನಿಷೇಧಿಸಿತು. ಆದರೂ "ಪೂರ್ತಿ ಗಿಡಮೂಲಿಕೆ" ಎಂದು ಮಾರುವ ಸ್ಲಿಮ್ಮಿಂಗ್ ಕ್ಯಾಪ್ಸೂಲ್‌ಗಳಲ್ಲಿ ಇದನ್ನು ಬೆರೆಸಿದ್ದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ತಿಂದ ಎರಡೇ ದಿನಕ್ಕೆ ಹಸಿವು ಸತ್ತು, ಎದೆ ಡವಡವ ಅಂದರೆ ಆ ಗಿಡಮೂಲಿಕೆಯ ಮೇಲೆ ಅನುಮಾನ ಪಡಿ. ಫೆಂಟರ್ಮಿನ್ ಅಮೆರಿಕದಲ್ಲಿ 1959ರಿಂದ ಇದೆ. ಇದು ನರಗಳನ್ನು ಚುರುಕು ಮಾಡಿ ಹಸಿವು ಅಡಗಿಸುವ ಮಾತ್ರೆ. ಬಿಪಿ, ಎದೆಬಡಿತ ಏರಿಸುತ್ತದೆ. ಅಲ್ಲೂ ಕೆಲವು ವಾರಗಳ ಮಟ್ಟಿಗೆ ಬಳಸಲು ಮಾತ್ರ ಒಪ್ಪಿಗೆ ಸಿಕ್ಕಿದ್ದು. ಹೊರದೇಶದಿಂದ ನೆಂಟರು ತಂದುಕೊಟ್ಟ ಮಾತ್ರೆಯನ್ನು ಸುಮ್ನೆ ನುಂಗಬೇಡಿ.

ನಮ್ಮೂರಿನದೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಮಳೆಗಾಲದಲ್ಲಿ ಹೆಕ್ಕಿ, ಒಲೆಯ ಹೊಗೆಯಲ್ಲಿ ಒಣಗಿಸುತ್ತಾರಲ್ಲ ಉಪ್ಪಾಗೆ, ಅದರ ಸಿಪ್ಪೆಯ ಸಾರವೇ ಗಾರ್ಸೀನಿಯಾ ಕ್ಯಾಂಬೋಜಿಯಾ ಎಂಬ ದೊಡ್ಡ ಹೆಸರಿನಲ್ಲಿ ಡಬ್ಬಿ ಸೇರಿ ಬರುವುದು. 1998ರಲ್ಲಿ ಅಮೆರಿಕದಲ್ಲಿ 12 ವಾರ ಪರೀಕ್ಷೆ ಮಾಡಿ ನೋಡಿದರು. ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಿಂದವರಿಗಿಂತ ಇದನ್ನು ತಿಂದವರ ತೂಕ ಜಾಸ್ತಿಯೇನೂ ಇಳಿಯಲಿಲ್ಲ. ಆ ಕ್ಯಾಪ್ಸೂಲ್ ತಿಂದು ಕೆಲವರ ಲಿವರ್ ಕೆಟ್ಟ ವರದಿಗಳೂ ಇವೆ. ಉಪ್ಪಾಗೆ ಸಾರಿಗೆ ಚೆನ್ನ, ಅದರ ತುಪ್ಪ ದೋಸೆಗೆ ಚೆನ್ನ. ಅಷ್ಟು ಸಾಕು.

2. ನಿಮ್ಮನ್ನು ಅಳೆದುಕೊಳ್ಳಿ

ಮದುವೆಗೆ ಇನ್ನು ಎರಡು ತಿಂಗಳಿದೆ, ಐದು ಕೆ.ಜಿ. ಇಳಿಸಬೇಕು ಅನ್ನುವವರಿಗೆ ಇದು ಅಲ್ಲ. ಬಿಎಂಐ 30 ಅಥವಾ ಅದಕ್ಕಿಂತ ಮೇಲಿದ್ದವರಿಗೆ ಈ ಇಂಜೆಕ್ಷನ್. 27 ಅಥವಾ ಮೇಲಿದ್ದು ಜೊತೆಗೆ ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗಳಲ್ಲಿ ಒಂದಾದರೂ ಇದ್ದವರಿಗೂ ಕೊಡುತ್ತಾರೆ.

ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ. ತೂಕವನ್ನು ಕೆ.ಜಿ.ಯಲ್ಲಿ ಬರೆದುಕೊಳ್ಳಿ. ಮೀಟರ್‌ನಲ್ಲಿ ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದದ್ದರಿಂದ ತೂಕವನ್ನು ಭಾಗಿಸಿ. ಎತ್ತರ 1.6 ಮೀಟರ್, ತೂಕ 72 ಕೆ.ಜಿ. ಇದ್ದರೆ, 72ನ್ನು 2.56ರಿಂದ ಭಾಗಿಸಿದಾಗ ಸುಮಾರು 28. ಸೊಂಟದ ಸುತ್ತಳತೆಯನ್ನೂ ಟೇಪ್ ಹಿಡಿದು ಬರೆದಿಡಿ. ನಮ್ಮ ದೇಶದವರಿಗೆ ಹೊಟ್ಟೆಯ ಕೊಬ್ಬೇ ಹೆಚ್ಚು ಅಪಾಯ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆಯ ಗೆರೆ.

3. ಡಾಕ್ಟರ ಮುಂದೆ ಏನೂ ಮುಚ್ಚಿಡಬೇಡಿ

ಹಾರ್ಮೋನು ತಜ್ಞರು, ಅಂದರೆ ಎಂಡೋಕ್ರೈನಾಲಜಿಸ್ಟ್, ನಮ್ಮ ಜಿಲ್ಲೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡುವುದು ನಮಗೆ ರೂಢಿ. ಮೊದಲ ಭೇಟಿಗೆ ಅಷ್ಟು ದೂರ ಹೋಗಲೇಬೇಕು ಅಂತಿಲ್ಲ. ಊರಿನ ಒಳ್ಳೆಯ ಫಿಸಿಶಿಯನ್, ಅಂದರೆ ಎಂಡಿ ಮೆಡಿಸಿನ್ ಓದಿದ ಡಾಕ್ಟರ್, ಶುರು ಮಾಡಿಸಬಲ್ಲರು. ಎಲ್ಲೋ ದೂರದಲ್ಲಿ ಒಮ್ಮೆ ಬರೆಸಿಕೊಂಡು ಬಂದು ಆಮೇಲೆ ಯಾರೂ ನೋಡದೇ ಇರುವುದಕ್ಕಿಂತ, ವಾಂತಿಯಾದ ದಿನ ಕೈಗೆ ಸಿಗುವ ಡಾಕ್ಟರೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಇವನ್ನು ನೀವಾಗೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ:

- ನಿಮಗೆ ಅಥವಾ ಮನೆಯವರಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತೇ? ಮೆಡುಲ್ಲರಿ ಎಂಬ ಬಗೆಯದಾಗಿದ್ದರೆ ಈ ಔಷಧಿ ಕೊಡುವುದಿಲ್ಲ. ಸಾಮಾನ್ಯ ಥೈರಾಯ್ಡ್ ಮಾತ್ರೆ ತಿನ್ನುವುದು ಬೇರೆ ವಿಷಯ. ಇದನ್ನು ಗೊಂದಲ ಮಾಡಿಕೊಂಡು ಹೆದರುವವರು ಜಾಸ್ತಿ.
- ಪ್ಯಾಂಕ್ರಿಯಾಸ್ (ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ) ಊದಿಕೊಂಡು ಆಸ್ಪತ್ರೆ ಸೇರಿದ್ದಿರೇ? ಪಿತ್ತಕೋಶದಲ್ಲಿ ಕಲ್ಲು ಇದೆಯೇ?
- ಕುಡಿಯುತ್ತೀರಾ? ಎಷ್ಟು? ಗೋವಾ ಗಡಿಯ ಪಕ್ಕದಲ್ಲಿದ್ದುಕೊಂಡು ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕುಡಿತವೂ ಪ್ಯಾಂಕ್ರಿಯಾಸ್‌ಗೇ ಹೊಡೆಯುತ್ತದೆ.
- ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ಇದೆಯೇ? ಇದ್ದರೆ ಅದರ ಡೋಸ್ ಕಡಿಮೆ ಮಾಡಬೇಕಾಗಬಹುದು. ಇಲ್ಲದಿದ್ದರೆ ಸಕ್ಕರೆ ದಢಕ್ಕನೆ ಇಳಿದು ಬೆವರು, ನಡುಕ, ತಲೆಸುತ್ತು ಶುರುವಾಗುತ್ತದೆ. ಕಣ್ಣಿನ ಒಳಪರದೆಯ (ರೆಟಿನಾ) ತೊಂದರೆ ಇದ್ದರೂ ಹೇಳಿ.
- ಗರ್ಭಿಣಿಯೇ, ಮಗುವಿಗೆ ಹಾಲುಣಿಸುತ್ತಿದ್ದೀರಾ, ಮಗು ಬೇಕೆಂದಿದ್ದೀರಾ? ಗರ್ಭ ಧರಿಸುವ ಕನಿಷ್ಠ ಎರಡು ತಿಂಗಳ ಮುಂಚೆ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಗರ್ಭನಿರೋಧಕ ಮಾತ್ರೆ ನುಂಗುವವರು ಟಿರ್ಜೆಪಟೈಡ್ ಶುರು ಮಾಡಿದ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೆ ಮತ್ತೆ ನಾಲ್ಕು ವಾರ, ಕಾಂಡೋಮ್‌ನಂಥ ಬೇರೆ ದಾರಿಯನ್ನೂ ಬಳಸಬೇಕು. ಮಾತ್ರೆ ಸರಿಯಾಗಿ ಹತ್ತದೇ ಹೋಗಬಹುದು.

ಆಪರೇಷನ್ ಏನಾದರೂ ನಿಗದಿಯಾಗಿದ್ದರೆ ಅರಿವಳಿಕೆ ಕೊಡುವವರಿಗೂ ಹೇಳಬೇಕು. ಹಿಂದಿನ ದಿನದ ಊಟ ಹೊಟ್ಟೆಯಲ್ಲೇ ಉಳಿದಿರಬಹುದು.

4. ದುಡ್ಡಿನ ಲೆಕ್ಕ ವರ್ಷಕ್ಕೆ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ. ಭಾರತಕ್ಕೆ ಬಂದಾಗ ಮೌಂಜಾರೋ 2.5 ಮಿ.ಗ್ರಾಂ ಸೀಸೆಗೆ 3,500 ರೂಪಾಯಿ, 5 ಮಿ.ಗ್ರಾಂ ಸೀಸೆಗೆ 4,375 ರೂಪಾಯಿ ಇತ್ತು. ವಾರಕ್ಕೊಂದು ಅಂದರೆ ತಿಂಗಳಿಗೆ 14,000ದಿಂದ 17,500. ಸೆಮಾಗ್ಲುಟೈಡ್‌ನ ಪೇಟೆಂಟ್, ಅಂದರೆ ಒಂದೇ ಕಂಪನಿ ಮಾರುವ ಹಕ್ಕು, ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗಿನದ್ದು. ಅದು ಮುಗಿದ ಮೇಲೆ ಬೇರೆ ಕಂಪನಿಗಳೂ ಮಾಡಬಹುದು, ಬೆಲೆ ಇಳಿಯುತ್ತದೆ. ಹಾಗಾಗಿ ಇವತ್ತಿನ ದರವನ್ನು ಅಂಗಡಿಯಲ್ಲೇ ಕೇಳಿ.

ದರ ಇಳಿದರೂ ಪ್ರಶ್ನೆ ಉಳಿಯುತ್ತದೆ. ಇದು ಒಂದು ತಿಂಗಳ ಕೋರ್ಸ್ ಅಲ್ಲ. ಅಡಿಕೆ ಮಾರಿದಾಗ ಕೈತುಂಬಾ ದುಡ್ಡು, ಆಮೇಲೆ ಬಿಗಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ದೋಣಿ ದಡದಲ್ಲಿ. ಉತ್ಸಾಹದಿಂದ ಶುರು ಮಾಡಿ, ಜೂನ್‌ನಲ್ಲಿ ದುಡ್ಡಿಲ್ಲ ಎಂದು ಬಿಟ್ಟು, ಆಗಸ್ಟ್‌ನಲ್ಲಿ ಮೊದಲಿದ್ದ ದೊಡ್ಡ ಡೋಸನ್ನೇ ಕೇಳಿಕೊಂಡು ಬರುವವರನ್ನು ನಾನು ನೋಡಿದ್ದೇನೆ. ಅದು ಅಪಾಯ. ಬಿಟ್ಟು ಬಂದರೆ ಮತ್ತೆ ಚಿಕ್ಕ ಡೋಸ್‌ನಿಂದಲೇ ಹತ್ತಬೇಕಾಗುತ್ತದೆ. ವರ್ಷದ ಕಷ್ಟದ ತಿಂಗಳಿಗೂ ದುಡ್ಡು ಎತ್ತಿಡಲು ಆದರೆ ಮಾತ್ರ ಶುರು ಮಾಡಿ.

5. ಕೊಳ್ಳುವುದು, ತರುವುದು, ಇಡುವುದು

ಚೀಟಿ ಇಲ್ಲದೆ ಕೇಳಬೇಡಿ, ಕೊಡುವವರಿಂದ ತೆಗೆದುಕೊಳ್ಳಲೂ ಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಬರುವ ಪುಡಿ, ಬಿಡಿ ಸೀಸೆ, ಬೇರೆ ದೇಶದ ಪೆನ್ (ಪೆನ್ನಿನ ಆಕಾರದ, ಔಷಧಿ ತುಂಬಿದ ಸಿರಿಂಜ್) ಯಾವುದೂ ಬೇಡ. ಬಿಲ್ ತೆಗೆದುಕೊಳ್ಳಿ, ಬ್ಯಾಚ್ ನಂಬರ್ ಬಾಕ್ಸಿನ ಮೇಲೂ ಬಿಲ್ಲಿನ ಮೇಲೂ ಒಂದೇ ಇದೆಯೇ ನೋಡಿ.

ಇನ್ನು ತಂಪಿನ ಮಾತು. ಬಳಸುವ ಮುಂಚೆ ಇದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅಂದರೆ ಫ್ರಿಜ್‌ನ ನಡುವಿನ ತಟ್ಟೆ. ಹುಬ್ಬಳ್ಳಿಯಲ್ಲಿ ಕೊಂಡು ಅರಬೈಲ್ ಘಟ್ಟ ಇಳಿದು ಬರುವ ಹೊತ್ತಿಗೆ ನಾಲ್ಕು ತಾಸು ಆಗುತ್ತದೆ. ಚಿಕ್ಕ ಥರ್ಮೊಕೋಲ್ ಡಬ್ಬಿ ಒಯ್ಯಿರಿ. ಜೆಲ್ ಪ್ಯಾಕ್‌ಗೂ ಔಷಧಿಗೂ ನಡುವೆ ಟವೆಲ್ ಇರಲಿ. ಮಂಜುಗಡ್ಡೆ ನೇರ ತಾಗಿದರೆ ಔಷಧಿ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ನೀರಿನಂತೆ ಕಂಡರೂ ಬಿಸಾಡಬೇಕು. ಮೀನಿನ ಐಸ್ ಡಬ್ಬಿಗೆ ಹಾಕಿ ತಂದವರೂ ಇದ್ದಾರೆ! ಸಾವಿರಾರು ರೂಪಾಯಿ ನೀರುಪಾಲು.

ಮಳೆಗಾಲದಲ್ಲಿ ಕರೆಂಟ್ ಹೋದರೆ? ಶಿರಸಿ, ಯಲ್ಲಾಪುರದ ಕಡೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. ಬಾಗಿಲು ತೆಗೆಯದೇ ಇದ್ದರೆ ಫ್ರಿಜ್ ನಾಲ್ಕು ತಾಸು ತಂಪು ಹಿಡಿದಿರುತ್ತದೆ. ಆಮೇಲೂ ಗಾಬರಿ ಬೇಡ. ಹೆಚ್ಚಿನ ಪೆನ್‌ಗಳು 30 ಡಿಗ್ರಿ ಮೀರದ ಜಾಗದಲ್ಲಿ ಕೆಲವು ವಾರ ತಡೆಯುತ್ತವೆ. ಎಷ್ಟು ದಿನ ಎಂದು ಬಾಕ್ಸಿನೊಳಗಿನ ಕಾಗದದಲ್ಲಿ ಬರೆದಿರುತ್ತದೆ, ಒಂದೊಂದು ಕಂಪನಿಯದ್ದು ಒಂದೊಂದು. ಹೊರಗೆ ಇಟ್ಟ ದಿನಾಂಕವನ್ನು ಬಾಕ್ಸಿನ ಮೇಲೆ ಬರೆಯಿರಿ. ಮಳೆಗಾಲದ ಶಿರಸಿಯಲ್ಲಿ ಮನೆಯೊಳಗೆ 30 ದಾಟುವುದೇ ಅಪರೂಪ. ನಿಜವಾದ ಕಷ್ಟ ಏಪ್ರಿಲ್, ಮೇ ತಿಂಗಳ ಕಾರವಾರದ್ದು. ಆಗ ನಿಲ್ಲಿಸಿದ ಕಾರಿನಲ್ಲಿ ಅರ್ಧ ತಾಸೂ ಬಿಡಬೇಡಿ.

6. ಚುಚ್ಚುವುದು, ಏರಿಸುವುದು

ಹೊಟ್ಟೆ, ತೊಡೆ, ಇಲ್ಲವೇ ತೋಳಿನ ಹಿಂಭಾಗ. ಹೊಕ್ಕುಳಿನಿಂದ ಎರಡು ಇಂಚು ದೂರ ಇರಲಿ. ಪ್ರತಿ ವಾರ ಜಾಗ ಬದಲಿಸಿ. ಮೊದಲ ಸಲ ಡಾಕ್ಟರ್ ಅಥವಾ ನರ್ಸ್ ಮುಂದೆ ಮಾಡಿ. ಸೀಸೆಯಾದರೆ ಯಾವ ಸಿರಿಂಜ್, ಎಷ್ಟು ಎಳೆಯಬೇಕು ಎಂದು ತೋರಿಸಿಕೊಳ್ಳಲೇಬೇಕು. ಪೆನ್ನನ್ನು ಗಂಡ ಹೆಂಡತಿಯೂ ಹಂಚಿಕೊಳ್ಳುವಂತಿಲ್ಲ, ಸೂಜಿ ಬದಲಿಸಿದರೂ ಸಹ.

ವಿಗೋವಿ 0.25 ಮಿ.ಗ್ರಾಂನಿಂದ ಶುರು. ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಕೊನೆಗೆ 2.4. ಮೌಂಜಾರೋ 2.5ರಿಂದ ಶುರುವಾಗಿ ನಾಲ್ಕು ವಾರದ ಮೇಲೆ 5. ಅಲ್ಲಿಂದ ಬೇಕಿದ್ದರೆ 2.5ರಂತೆ ಏರಿಸಿ 15ರವರೆಗೆ. ಮೊದಲ ಡೋಸ್ ಹೊಟ್ಟೆಗೆ ಅಭ್ಯಾಸ ಮಾಡಿಸಲು ಇರುವುದು. "ಒಂದು ತಿಂಗಳಾಯ್ತು, ಎರಡು ಕೆ.ಜಿ.ಯೂ ಇಳಿದಿಲ್ಲ" ಎಂದು ನೀವಾಗೇ ಡಬಲ್ ಮಾಡಬೇಡಿ. ಹಾಗೆ ಮಾಡಿದವರೇ ವಾಂತಿಯಾಗಿ ಡ್ರಿಪ್ ಹಾಕಿಸಿಕೊಳ್ಳುವುದು. ಚಿಕ್ಕ ಡೋಸ್‌ನಲ್ಲೇ ತೂಕ ಇಳಿಯುತ್ತಿದ್ದರೆ ಅಲ್ಲೇ ನಿಲ್ಲುವುದು ದುಡ್ಡಿಗೂ ಒಳ್ಳೆಯದು, ಹೊಟ್ಟೆಗೂ ಒಳ್ಳೆಯದು. ಡಾಕ್ಟರನ್ನು ಕೇಳಿ ನೋಡಿ.

ವಾರದ ಯಾವ ದಿನ ಒಳ್ಳೆಯದು? ಚುಚ್ಚಿದ ಮೇಲಿನ ಒಂದೆರಡು ದಿನ ಹೊಟ್ಟೆ ತೊಳಸುವುದು ಜಾಸ್ತಿ. ಭಾನುವಾರ ಮದುವೆ ಊಟ ಇದ್ದರೆ ಶನಿವಾರ ಬೇಡ. ಮರೆತುಹೋದರೆ ಸೆಮಾಗ್ಲುಟೈಡ್ ಐದು ದಿನದ ಒಳಗೆ, ಟಿರ್ಜೆಪಟೈಡ್ ನಾಲ್ಕು ದಿನದ ಒಳಗೆ ನೆನಪಾದರೆ ತೆಗೆದುಕೊಳ್ಳಿ. ಅದೂ ದಾಟಿದರೆ ಬಿಟ್ಟುಬಿಡಿ, ಮುಂದಿನ ವಾರದ್ದು ಮಾತ್ರ. ಎರಡು ವಾರ ತಪ್ಪಿದರೆ ಮೊದಲು ಡಾಕ್ಟರಿಗೆ ಫೋನ್.

7. ಊಟ: ಕಡಿಮೆ ಜಾಗದಲ್ಲಿ ಏನು ಹಾಕುತ್ತೀರಿ

ಔಷಧಿ ನಿಮ್ಮ ತಟ್ಟೆಯನ್ನು ಚಿಕ್ಕದು ಮಾಡುತ್ತದೆ. ಆ ಚಿಕ್ಕ ತಟ್ಟೆಗೆ ಏನು ಬೀಳುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಸಿವಿಲ್ಲ ಎಂದು ಎರಡು ಬಿಸ್ಕತ್ತು, ಒಂದು ಲೋಟ ಚಹಾದಲ್ಲಿ ದಿನ ಕಳೆದರೆ ತೂಕ ಇಳಿಯುತ್ತದೆ, ನಿಜ. ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಅಂದರೆ ಮೆಟ್ಟಿಲು ಹತ್ತಿಸುವ ಮಾಂಸಖಂಡ. ಔಷಧಿ ನಿಂತ ಮೇಲೆ ಕೊಬ್ಬು ಸಲೀಸಾಗಿ ವಾಪಸ್ ಬರುತ್ತದೆ, ಸ್ನಾಯು ಅಷ್ಟು ಸಲೀಸಾಗಿ ಬರುವುದಿಲ್ಲ.

ಅದಕ್ಕೆ ಪ್ರೋಟೀನ್ ಮೊದಲು. ಊಟಕ್ಕೆ ಕೂತಾಗ ಅನ್ನಕ್ಕೆ ಕೈ ಹಾಕುವ ಮುಂಚೆ ಮೀನು ತಿಂದು ಮುಗಿಸಿ. 100 ಗ್ರಾಂ ಬಂಗುಡೆ ಅಥವಾ ತಾರ್ಲೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ದಿನಕ್ಕೆ 60 ಗ್ರಾಂ ದಾಟಿಸಲು ನೋಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿಕೊಂಡು ತಿನ್ನಿ. ಕರಿದದ್ದು ಬೇಡ, ತೆಳ್ಳಗಿನ ಸಾರು ಇಲ್ಲವೇ ಕಾವಲಿಯ ಮೇಲೆ ಸುಟ್ಟದ್ದು. ಎಣ್ಣೆ ಜಾಸ್ತಿಯಾದರೆ ಈ ಔಷಧಿಯ ಮೇಲೆ ವಾಕರಿಕೆ ಖಂಡಿತ. ಮೀನು ಬಂದ್ ಇದ್ದಾಗ ಒಣಮೀನಿಗೆ ಬೀಳುವವರು ಅದರ ಉಪ್ಪನ್ನೂ ನೆನಪಿಡಿ. ಬಿಪಿ ಇರುವವರಿಗೆ ಮೊಟ್ಟೆಯೇ ಸರಿ.

ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಸ್ವಲ್ಪ ಕಷ್ಟ, ಒಪ್ಪುತ್ತೇನೆ. ತಂಬುಳಿ, ಅಪ್ಪೆಹುಳಿ, ಅನ್ನ ಎಲ್ಲವೂ ರುಚಿ, ಪ್ರೋಟೀನ್ ಮಾತ್ರ ಕಮ್ಮಿ. ಮೊಳಕೆ ಹೆಸರು, ಹುರುಳಿ, ಗಟ್ಟಿ ಮೊಸರು, ಪನ್ನೀರ್ ಹೊತ್ತಿಗೊಂದರಂತೆ ಸೇರಿಸಿ. ಸಾರಿನ ತಿಳಿ ಬಿಟ್ಟು ತಳದ ಬೇಳೆ ಬಡಿಸಿಕೊಳ್ಳಿ.

ನೀರು ಮರೆಯುವುದು ಇನ್ನೊಂದು ದೊಡ್ಡ ತಪ್ಪು. ಹಸಿವಿನ ಜೊತೆ ಬಾಯಾರಿಕೆಯೂ ಕಮ್ಮಿಯಾಗುತ್ತದೆ, ಕರಾವಳಿಯ ಬೆವರು ಮಾತ್ರ ಕಮ್ಮಿಯಾಗುವುದಿಲ್ಲ. ವಾಕರಿಕೆ ಇದ್ದ ದಿನ ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು, ಇಲ್ಲವೇ ನೀರು ಮಜ್ಜಿಗೆ, ಗುಟುಕು ಗುಟುಕಾಗಿ. ಮುರುಗಲು ಪಾನಕ ಒಳ್ಳೆಯದೇ, ಸಕ್ಕರೆ ಹಾಕದಿದ್ದರೆ. ಮಲಬದ್ಧತೆಗೆ ಬಸಳೆ, ಹಣ್ಣು, ಬೇಕಿದ್ದರೆ ಇಸಬಗೋಲ್.

ಟಾಗೋರ್ ಬೀಚಿನಲ್ಲಿ ಸಂಜೆ ನಡೆಯುವುದು ಹೃದಯಕ್ಕೆ ಚೆನ್ನ. ಸ್ನಾಯುವಿಗೆ ಭಾರ ಬೇಕು. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ. ಗೋಡೆಗೆ ಕೈಯೊತ್ತಿ ದಂಡ ಹೊಡೆಯಿರಿ. ನೀರು ತುಂಬಿದ ಬಾಟಲಿ ಎತ್ತಿ ಇಳಿಸಿ.

8. ಇವು ಕಂಡರೆ ಕಾಯಬೇಡಿ

ಸಣ್ಣ ವಾಕರಿಕೆ, ತೇಗು, ಸುಸ್ತು ಮಾಮೂಲು, ವಾರಗಳಲ್ಲಿ ಇಳಿಯುತ್ತದೆ. ಇವು ಮಾಮೂಲಲ್ಲ: ಬೆನ್ನಿಗೆ ಹರಡುವ ಜೋರು ಹೊಟ್ಟೆನೋವು, ಬಲಪಕ್ಕೆ ನೋವಿನ ಜೊತೆ ಜ್ವರ ಅಥವಾ ಕಣ್ಣು ಹಳದಿ, ನೀರೂ ನಿಲ್ಲದ ವಾಂತಿ, ಮೂತ್ರ ಕಮ್ಮಿ, ದೃಷ್ಟಿ ಏಕಾಏಕಿ ಮಸುಕು, ಕುತ್ತಿಗೆಯಲ್ಲಿ ಗಂಟು, ಬದುಕೇ ಬೇಡ ಅನ್ನಿಸುವಷ್ಟು ಮನಸ್ಸು ಕುಗ್ಗುವುದು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಮಲಗಬೇಡಿ. ಮುಂದಿನ ಡೋಸ್ ನಿಲ್ಲಿಸಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಔಷಧಿ ಬಾಕ್ಸ್ ಕೈಯಲ್ಲಿರಲಿ. ರಾತ್ರಿ ಘಟ್ಟದ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮಗೇ ಗೊತ್ತು, ಅಲ್ವಾ? ಬೆಳಗಾಗಲಿ ಎನ್ನದೇ ಹೊರಡಿ.

9. ನಿಲ್ಲಿಸುವುದನ್ನು ಶುರುವಿನಲ್ಲೇ ಯೋಚಿಸಿ

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. 2021ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ 2.4 ಮಿ.ಗ್ರಾಂ ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ ಶೇ 15ರಷ್ಟು ಇಳಿದಿತ್ತು. ಮುಂದೆ ಅವರಲ್ಲಿ ಕೆಲವರನ್ನು ಔಷಧಿ ನಿಲ್ಲಿಸಿ ಒಂದು ವರ್ಷ ನೋಡಿದರು. ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಅವರು ಸೋಮಾರಿಗಳಾದರು ಎಂದಲ್ಲ. ಅಡಗಿದ್ದ ಹಸಿವು ಎದ್ದು ಬಂತು, ಅಷ್ಟೇ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವುದಿಲ್ಲವೇ, ಹಾಗೆ.

ಹಾಗಾಗಿ ಮೊದಲ ಚೀಟಿ ಬರೆಸುವಾಗಲೇ ಡಾಕ್ಟರನ್ನು ಮೂರು ವಿಷಯ ಕೇಳಿ. ಎಷ್ಟು ಕಾಲ ಬೇಕಾಗಬಹುದು? ಕೆಲಸ ಮಾಡುತ್ತಿಲ್ಲ ಎಂದು ಯಾವಾಗ ತೀರ್ಮಾನಿಸುವುದು? ನಿಲ್ಲಿಸುವಾಗ ಒಮ್ಮೆಲೇ ನಿಲ್ಲಿಸುವುದೋ, ಡೋಸ್ ಇಳಿಸುತ್ತಾ ಬರುವುದೋ? ಎರಡನೆಯದಕ್ಕೆ ಒಂದು ಅಂದಾಜು ಹೇಳುತ್ತೇನೆ. ನಿಮಗೆ ಗೊತ್ತುಮಾಡಿದ ಪೂರ್ತಿ ಡೋಸ್‌ಗೆ ಬಂದು ಮೂರು ತಿಂಗಳಾದರೂ ಶುರುವಿನ ತೂಕದ ಶೇ 5 ಇಳಿಯದಿದ್ದರೆ, ಅಂದರೆ 72 ಕೆ.ಜಿ.ಯವರಿಗೆ ಸುಮಾರು ಮೂರೂವರೆ ಕೆ.ಜಿ., ಮುಂದುವರಿಸುವುದು ಬೇಕೇ ಎಂದು ಕೂತು ಮಾತಾಡಬೇಕು.

ನಿಲ್ಲಿಸಿದ ಮೇಲೆ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ಕೆ.ಜಿ. ವಾಪಸ್ ಬಂದ ಕೂಡಲೇ ಡಾಕ್ಟರಿಗೆ ತೋರಿಸಿ, ಹತ್ತಾಗುವವರೆಗೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ, ತುಂಬಿದ ಮೇಲೆ ಆಸ್ಪತ್ರೆಯಲ್ಲಿ ಕೇಳಿ ಕೊಟ್ಟುಬನ್ನಿ. ತೋಟದ ಗೊಬ್ಬರದ ಗುಂಡಿಗೆ ಎಸೆಯಬೇಡಿ. ಅಲ್ಲಿ ಕೆಲಸ ಮಾಡುವವರು ಬರಿಗಾಲಲ್ಲಿ ಇರುತ್ತಾರೆ.